ಬ್ರಿಟನ್ನಿನ ಟಿವಿ ಲೈಸೆನ್ಸ್: ಬಿಬಿಸಿ ನೋಡದ ನಾವೂ 174.50 ಪೌಂಡ್ ಕೊಡಬೇಕಾ? (2025ರ ಚರ್ಚೆ, ದರಗಳೆಲ್ಲ ಆಗಿನವು)

ಹಾಸನದ ಹುಡುಗಿ, ಲೆಸ್ಟರ್

ಎಲ್ಲರಿಗೂ ನಮಸ್ಕಾರ. ನಾವು 2023ರಲ್ಲಿ ಬಂದವರು. ನನಗೆ ಕೇರ್ ಹೋಮ್‌ನಲ್ಲಿ ಕೆಲಸ, ನಮ್ಮನೆಯವರಿಗೆ ವೇರ್‌ಹೌಸ್‌ನಲ್ಲಿ ರಾತ್ರಿ ಪಾಳಿ, ಒಬ್ಬಳು ಮಗಳು. ಇಷ್ಟು ದಿನ ಇನ್ನೊಂದು ಕುಟುಂಬದ ಜೊತೆ ಇದ್ವಿ, ಲೈಸೆನ್ಸು ಗಿಸೆನ್ಸು ಎಲ್ಲ ಅವರೇ ನೋಡ್ಕೋತಿದ್ರು. ಈಗ ಬೇರೆ ಮನೆ ಮಾಡಿದ್ದೀವಿ. ಹೆಸರಿಲ್ಲದೆ "ಲೀಗಲ್ ಆಕ್ಯುಪೈಯರ್" (ಮನೇಲಿ ಇರೋರು) ಅಂತ ವಿಳಾಸ ಹಾಕಿ ಟಿವಿ ಲೈಸೆನ್ಸ್ ಪತ್ರ ಬಂದಿದೆ. ಇಲ್ಲಿನ ಸಾರ್ವಜನಿಕ ಪ್ರಸಾರ ಸಂಸ್ಥೆ ಬಿಬಿಸಿ ನಡೆಯೋದು ಈ ಫೀ ದುಡ್ಡಿನಿಂದ ಅಂತೆ.

ಮನೇಲಿ ಬಿಬಿಸಿ ಹಾಕಿದ್ದೇ ನೆನಪಿಲ್ಲ. ನಾನು ನೋಡೋದು ಆಪ್‌ನಲ್ಲಿ ಕನ್ನಡ ಸೀರಿಯಲ್ಲು, ಮಗಳಿಗೆ ಯೂಟ್ಯೂಬ್ ಕಾರ್ಟೂನು, ಅವರಿಗೆ ಊರಿನ ನ್ಯೂಸ್ ಮತ್ತೆ ಕ್ರಿಕೆಟ್ಟು. ವರ್ಷಕ್ಕೆ 174.50 ಪೌಂಡ್ ಅಂದ್ರೆ ನಮಗೆ ಸಣ್ಣ ದುಡ್ಡಲ್ಲ. 2025ರ ಕನಿಷ್ಠ ವೇತನ ಗಂಟೆಗೆ 12.21 ಪೌಂಡ್ ಲೆಕ್ಕ ಹಾಕಿದ್ರೆ ಹದಿನಾಲ್ಕು ಗಂಟೆ ದುಡಿದ್ರೂ ಸಾಲಲ್ಲ, ಅದೂ ಟ್ಯಾಕ್ಸ್ ಹಿಡಿಯೋಕೆ ಮುಂಚೆ. ಕೊಡಲೇಬೇಕಾ? ಕೊಡೋದು ನ್ಯಾಯನಾ? ಎರಡಕ್ಕೂ ಉತ್ತರ ಬೇಕು.

ಸ್ಲೌ ಗುರು

ಕೊಡಬೇಡಿ ಮೇಡಂ. ಆನ್‌ಲೈನ್‌ನಲ್ಲಿ "ಲೈಸೆನ್ಸ್ ಬೇಕಿಲ್ಲ" ಅಂತ ಡಿಕ್ಲರೇಷನ್ ಕೊಟ್ಬಿಡಿ, ಒಂದೆರಡು ವರ್ಷ ಪತ್ರದ ಕಾಟ ಇರಲ್ಲ. ಯಾರಾದ್ರೂ ಬಾಗಿಲಿಗೆ ಬಂದ್ರೂ ಒಳಗೆ ಬಿಡಬೇಕು ಅಂತ ರೂಲ್ ಇಲ್ಲ, ವಾರಂಟ್ ಇಲ್ಲದೆ ಅವರು ಹೊಸಿಲು ದಾಟೋ ಹಾಗಿಲ್ಲ.

ಯಾವ ಹೋಟ್ಲಿಗೂ ಹೋಗದೆ ಊರಿಗೆಲ್ಲ ಬಿಲ್ ಕಟ್ಟೋದು ಯಾವ ಸೀಮೆ ನ್ಯಾಯ? ನೆಟ್‌ಫ್ಲಿಕ್ಸ್ ಬೇಡ ಅಂದ್ರೆ ಒಂದು ಬಟನ್ ಒತ್ತಿ ನಿಲ್ಲಿಸ್ತೀನಿ. ಇದನ್ನ ನಿಲ್ಲಿಸಿ ಟಿವಿ ನೋಡಿದ್ರೆ ಕ್ರಿಮಿನಲ್ ಕೇಸು! 2010ರಲ್ಲಿ 145.50 ಇತ್ತು, 2021ರಲ್ಲಿ 159 ಆಯ್ತು, 2024ರಲ್ಲಿ 169.50, 2025ರ ಏಪ್ರಿಲ್‌ನಿಂದ 174.50. ನೋಡೋರು ಕಮ್ಮಿ ಆಗ್ತಿದ್ದಾರೆ, ರೇಟು ಏರ್ತಾನೇ ಇದೆ.

ಕುಡ್ಲ ಲಾಯರ್, ಕ್ರಾಯ್ಡನ್

ಸ್ವಲ್ಪ ನಿಲ್ಲಿ ಮಾರಾಯ್ರೆ, ಡಿಕ್ಲರೇಷನ್ ಕೊಡುವ ಮೊದಲು ಇದು ಓದಿ. ನಾನು ಶನಿವಾರ ಒಂದು ಸಲಹಾ ಕೇಂದ್ರದಲ್ಲಿ ಉಚಿತವಾಗಿ ಕೂತುಕೊಳ್ಳುತ್ತೇನೆ. ನಮ್ಮವರು ಹೆಚ್ಚಾಗಿ ಎಡವುವುದು ಇಲ್ಲಿಯೇ.

ಬಿಬಿಸಿ ನೋಡುತ್ತೀರಾ ಇಲ್ಲವಾ ಎಂಬುದು ಪ್ರಶ್ನೆಯೇ ಅಲ್ಲ. ಯಾವುದೇ ಚಾನೆಲ್ಲನ್ನು, ಅದು ಪ್ರಸಾರ ಆಗುತ್ತಿರುವ ಹೊತ್ತಿಗೇ ನೋಡಿದರೆ ಅಥವಾ ರೆಕಾರ್ಡ್ ಮಾಡಿಕೊಂಡರೆ ಲೈಸೆನ್ಸ್ ಬೇಕು. ಟಿವಿಯಾಗಲಿ ಮೊಬೈಲಾಗಲಿ, ಲ್ಯಾಪ್‌ಟಾಪೇ ಆಗಲಿ. ಚಾನೆಲ್ ಬ್ರಿಟನ್ನಿನದ್ದೇ ಆಗಿರಬೇಕು ಅಂತ ಕೂಡ ಇಲ್ಲ. ಬೆಂಗಳೂರಿನ ನ್ಯೂಸ್ ಚಾನೆಲ್‌ನ ಲೈವ್ ಯೂಟ್ಯೂಬ್‌ನಲ್ಲಿ ಹಾಕಿಕೊಂಡು ಊಟ ಮಾಡುತ್ತೀರಲ್ಲ, ಅದಕ್ಕೂ ಬೇಕು. ಇದರ ಮೇಲೆ ಬಿಬಿಸಿ ಐಪ್ಲೇಯರ್ ಅಂತ ಅವರದೇ ಆನ್‌ಲೈನ್ ಸೇವೆ ಒಂದು ಉಂಟು, 2016ರ ಸೆಪ್ಟೆಂಬರ್‌ನಿಂದ ಅದರಲ್ಲಿ ಹಳೆಯ ಕಾರ್ಯಕ್ರಮ ನೋಡಿದರೂ ಬೇಕು.

ಬೇಡದ್ದು ಯಾವುದಕ್ಕೆ? ನೆಟ್‌ಫ್ಲಿಕ್ಸ್ ಸಿನಿಮಾ, ಆಪ್‌ನಲ್ಲಿ ನಿನ್ನೆಯ ಸೀರಿಯಲ್, ಯೂಟ್ಯೂಬ್‌ನ ಮಾಮೂಲಿ ವಿಡಿಯೊ, ಯಾರೋ ಅಡುಗೆಮನೆಯಲ್ಲಿ ಕೂತು ಮಾಡುವ ಖಾಸಗಿ ಲೈವ್. ಗೋಡೆಗೆ ದೊಡ್ಡ ಟಿವಿ ಹಾಕಿಕೊಂಡ ಮಾತ್ರಕ್ಕೂ ಬೇಡ.

ಹಾಗಾಗಿ ಅಕ್ಕಾ, ನಿಮ್ಮ ಸೀರಿಯಲ್ಲಿಗೆ, ಮಗಳ ಕಾರ್ಟೂನಿಗೆ ತೊಂದರೆ ಇಲ್ಲ. ನಿಮ್ಮ ಯಜಮಾನರ ನ್ಯೂಸ್ ಮತ್ತು ಕ್ರಿಕೆಟ್ ಲೈವಾ ಎಂಬುದೇ ವಿಷಯ. 2025ರ ಜೂನ್ 3ರ ರಾತ್ರಿ ಅಹಮದಾಬಾದಿನಲ್ಲಿ ಆರ್‌ಸಿಬಿ ಕಪ್ ಗೆದ್ದದ್ದನ್ನು ಲೈಸೆನ್ಸ್ ಇಲ್ಲದೆ ಲೈವ್ ನೋಡಿದವರು ಈ ಗುಂಪಿನಲ್ಲೇ ಎಷ್ಟು ಮಂದಿ ಇದ್ದೀರಿ, ಕೈ ಎತ್ತಬೇಡಿ.

ಜವಾರಿ ಮಂದಿ, ಮ್ಯಾಂಚೆಸ್ಟರ್

ಕೈ ಎತ್ತಂಗಿಲ್ರೀ ಸರ್ 😄

ರೊಕ್ಕದ ಲೆಕ್ಕ ಆಮ್ಯಾಲ. ನಂದೊಂದು ತಕರಾರು ಐತಿ. ಈ ಲೈಸೆನ್ಸ್ ರೊಕ್ಕದಾಗ ಬ್ಯಾರೆ ದೇಶದ ಮಂದಿಗೆ ಅವರವರ ಭಾಷಾದಾಗ ಸುದ್ದಿ ಕೊಡೋ ಬಿಬಿಸಿ ವರ್ಲ್ಡ್ ಸರ್ವಿಸ್‌ಗೂ ಒಂದು ಪಾಲು ಹೋಗ್ತದ. ಹಿಂದಿ, ತಮಿಳು, ಬಂಗಾಳಿ, ಉರ್ದು ಮೊದಲಿಂದ ಇದ್ವು. 2017ರಾಗ ತೆಲುಗು, ಮರಾಠಿ, ಗುಜರಾತಿ, ಪಂಜಾಬಿ ಸೇರ್ಸಿದ್ರು, ಅದಕ್ಕ ಸರಕಾರ ಬ್ಯಾರೆ ರೊಕ್ಕಾನೂ ಕೊಡ್ತು. ಕನ್ನಡ? ಆ ಪಟ್ಟ್ಯಾಗ ಇಲ್ಲ. ನಮ್ಮ ಆಜೂಬಾಜೂ ಎರಡೂ ಕಡಿಗೆ ಬಂತು, ನಮ್ಮ ಅಂಗಳ ಬಿಟ್ಟು ದಾಟಿ ಹೋತು. ಹಂಗಾದ್ರ ನಾನ್ಯಾಕ ಕೊಡ್ಲಿ?

ನಮ್ಮ ಕಲಬುರಗಿ ಕಡಿ ಮಂದಿಗೆ ಟಿವಿ ಹೆಂಗ ಬಂತು ಗೊತ್ತೇನ್ರಿ? 1975-76ರಾಗ ಅಮೆರಿಕದ ಉಪಗ್ರಹ ಇಟ್ಕೊಂಡು ಇಸ್ರೊದವರು ಒಂದು ವರ್ಷದ ಪ್ರಯೋಗ ಮಾಡಿದ್ರು. ಕಲಬುರಗಿ, ರಾಯಚೂರು, ವಿಜಯಪುರ ಜಿಲ್ಲಾದ ಹಳ್ಳ್ಯಾಗ ಊರಿಗೊಂದು ಟಿವಿ ಇಟ್ಟು ಒಕ್ಕಲುತನ, ಆರೋಗ್ಯ, ಸಾಲಿ ಪಾಠ ತೋರ್ಸಿದ್ರು. ಮಂದಿ ಜೇಬಿನಿಂದ ಪೈಸಾ ಹೋಗ್ಲಿಲ್ಲ. ಬೆಂಗಳೂರಾಗ ಆವಾಗಿನ್ನೂ ಟಿವಿನೇ ಇದ್ದಿದ್ದಿಲ್ಲ! ಬಡವರಿಗೆ ಮುಟ್ಟಬೇಕು ಅನ್ನೋ ಮನಸ್ಸಿದ್ರ ಫೀ ಇಲ್ದನೂ ದಾರಿ ಇರ್ತದ.

ಹಳೇ ಡಾಕ್ಟ್ರಮ್ಮ, ವಾಲ್ಸಾಲ್

ಮಕ್ಕಳೇ, ನಾನು ಎಪ್ಪತ್ತರ ದಶಕದಲ್ಲಿ ಬಂದವಳು, ಇಲ್ಲಿನ ಸರ್ಕಾರಿ ಆರೋಗ್ಯ ಸೇವೆ ಎನ್‌ಎಚ್‌ಎಸ್‌ನಲ್ಲೇ ನಿವೃತ್ತಿಯಾದೆ. ನಾನು ಲೈಸೆನ್ಸ್ ಕಟ್ಟುತ್ತೇನೆ, ಕಟ್ಟುವುದಕ್ಕೆ ಬೇಸರವೂ ಇಲ್ಲ. ಬೆಳಗ್ಗೆ ಬಿಬಿಸಿಯ ರೇಡಿಯೊ 4 ಇಲ್ಲದಿದ್ದರೆ ನನ್ನ ಕಾಫಿ ಇಳಿಯುವುದಿಲ್ಲ. ತಮಾಷೆಯೆಂದರೆ ರೇಡಿಯೊಗೆ ಲೈಸೆನ್ಸೇ ಬೇಡ, 1971ರಲ್ಲೇ ತೆಗೆದುಹಾಕಿದರು. ಟಿವಿ ನೋಡುವವರು ಕೊಟ್ಟ ದುಡ್ಡಿನಲ್ಲಿ ರೇಡಿಯೊ ಮಾತ್ರ ಕೇಳುವವರು ಬಿಟ್ಟಿಯಾಗಿ ಕೇಳುತ್ತಿದ್ದಾರೆ. ನ್ಯಾಯ ಅನ್ಯಾಯದ ಲೆಕ್ಕಕ್ಕೆ ಹೊರಟರೆ ಇದನ್ನೂ ಬರೆದುಕೊಳ್ಳಿ.

ನನಗೆ ಸಿಟ್ಟು ಬರುವುದು ವಯಸ್ಸಾದವರ ವಿಚಾರದಲ್ಲಿ. ಎಪ್ಪತ್ತೈದು ದಾಟಿದವರಿಗೆಲ್ಲ 2000ದಲ್ಲಿ ಲೈಸೆನ್ಸ್ ಉಚಿತ ಮಾಡಿದರು, ಹಣ ಸರ್ಕಾರ ಕೊಡುತ್ತಿತ್ತು. 2015ರಲ್ಲಿ ಅದೇ ಸರ್ಕಾರ ಆ ಹೊರೆಯನ್ನು ಬಿಬಿಸಿ ಹೆಗಲಿಗೆ ದಾಟಿಸಿತು. ಬಿಬಿಸಿ ನಮ್ಮಿಂದಾಗದು ಎಂದಿತು. 2020ರ ಆಗಸ್ಟ್‌ನಿಂದ ಅವರಲ್ಲಿ ಪೆನ್ಷನ್ ಕ್ರೆಡಿಟ್, ಅಂದರೆ ಕಡಿಮೆ ಆದಾಯದ ವೃದ್ಧರಿಗೆ ಸರ್ಕಾರ ಕೊಡುವ ನೆರವು, ಪಡೆಯುವವರಿಗೆ ಮಾತ್ರ ಉಚಿತ. ಅದೂ ಕೊರೊನಾ ಕಾಲ. ಮುದುಕರು ಒಬ್ಬೊಬ್ಬರೇ ಬಾಗಿಲು ಹಾಕಿಕೊಂಡು ಕೂತಿದ್ದಾಗ!

ಪಕ್ಕದ ಬೀದಿಯ ಒಬ್ಬ ಗುಜರಾತಿ ಅಜ್ಜಿಗೆ ಪೆನ್ಷನ್ ಕ್ರೆಡಿಟ್‌ಗೆ ಅರ್ಹತೆ ಇತ್ತು, ಅರ್ಜಿಯನ್ನೇ ಹಾಕಿರಲಿಲ್ಲ. ಫಾರಂ ಇಂಗ್ಲಿಷಿನಲ್ಲಿ, ಮಗ ಬೇರೆ ಊರಲ್ಲಿ. ಇಂಥವರು ದೇಶದಲ್ಲಿ ಎಷ್ಟೋ ಜನ ಇದ್ದಾರೆ. ಇನ್ನೊಂದು ಕಡೆ, ಮಿತಿಗಿಂತ ನಾಲ್ಕು ಪೌಂಡ್ ಹೆಚ್ಚು ಪಿಂಚಣಿ ಬಂತೋ, ಪೂರ್ತಿ 174.50 ಕಟ್ಟಬೇಕು. ಎರಡು ಕಾರಿಟ್ಟುಕೊಂಡ ಸರ್ಜನ್‌ಗೂ ಅಷ್ಟೇ ಫೀ, ಆ ಅಜ್ಜಿಗೂ ಅಷ್ಟೇ. ಕಣ್ಣೇ ಕಾಣದವರಿಗೂ ಅರ್ಧ ಮಾತ್ರ ರಿಯಾಯಿತಿ. ಫೀ ಇರಲಿ, ಆದರೆ ಆದಾಯ ನೋಡಿ ಹಾಕಲಿ ಅನ್ನುವವಳು ನಾನು.

ಸ್ಲೌ ಗುರು

ಡಾಕ್ಟ್ರಮ್ಮ, ಆದಾಯ ನೋಡಿ ಹಾಕಿದ್ರೆ ಅದು ಟ್ಯಾಕ್ಸೇ ಆಯ್ತಲ್ಲ. ನಾನು ಆಗಲೇ ಟ್ಯಾಕ್ಸ್ ಕಟ್ತೀನಿ, ಕೌನ್ಸಿಲ್ ಟ್ಯಾಕ್ಸ್ ಕಟ್ತೀನಿ, ವೀಸಾಗೆ ಪ್ರತಿ ವರ್ಷದ ಲೆಕ್ಕದಲ್ಲಿ ತಲಾ 1,035 ಪೌಂಡ್ ಹೆಲ್ತ್ ಸರ್ಚಾರ್ಜ್ ಮುಂಗಡ ಕಟ್ಟಿದ್ದೀನಿ. ನಮ್ಮ ವೀಸಾದ ಮೇಲೆ ಸರ್ಕಾರಿ ಸವಲತ್ತು ಯಾವುದೂ ಇಲ್ಲ ಅಂತ ಬೇರೆ ಅಚ್ಚು ಹೊಡೆದಿದ್ದಾರೆ. ರಿಯಾಯಿತಿ ಎಲ್ಲ ಇಲ್ಲಿಯವರಿಗೆ, ಫೀ ಮಾತ್ರ ಎಲ್ಲರಿಗೂ ಸಮಾನ.

ಕಪ್ಪು-ಬಿಳುಪು ಟಿವಿ ಲೈಸೆನ್ಸ್ ಇನ್ನೂ ಇದೆ, 2025ರಲ್ಲಿ 58.50 ಪೌಂಡ್. ಹಾಸನದ ಮೇಡಂ, ಹಳೇ ಡಬ್ಬ ಟಿವಿ ಸಿಕ್ರೆ ನೋಡಿ.

ಕಾರ್ಡಿಫ್ ಕನ್ನಡತಿ

ಗುರು, ನಿಮ್ಮ ಮಾತು ಒಪ್ಪೋಕಾಗಲ್ಲ. ಜವಾರಿ ಅಣ್ಣ ಭಾಷೆ ವಿಚಾರ ಎತ್ತಿದ್ದು ಒಳ್ಳೇದಾಯ್ತು. ವೇಲ್ಸ್‌ನಲ್ಲಿ ಈ ಲೈಸೆನ್ಸ್ ಏನು ಮಾಡಿದೆ ಅಂತ ಇಲ್ಲಿ ಕೂತವರಿಗೆ ಕಣ್ಣಿಗೆ ಕಾಣತ್ತೆ.

ವೆಲ್ಷ್ ಮಾತಾಡೋರು 2021ರ ಜನಗಣತಿ ಪ್ರಕಾರ ಸುಮಾರು 5 ಲಕ್ಷ 38 ಸಾವಿರ. ನಮ್ಮ ಲೆಕ್ಕದಲ್ಲಿ ಒಂದು ಸಾಧಾರಣ ಊರಿನಷ್ಟು ಜನ. ಅವರಿಗೆ ಪೂರ್ತಿ ಒಂದು ಟಿವಿ ಚಾನೆಲ್ ಇದೆ, ಎಸ್‌ಫೋರ್‌ಸಿ. ಮಕ್ಕಳ ಕಾರ್ಟೂನು, ರಗ್ಬಿ ಕಾಮೆಂಟರಿ, ಧಾರಾವಾಹಿ, ಎಲ್ಲ ವೆಲ್ಷ್‌ನಲ್ಲಿ. ಜಾಹೀರಾತು ನಂಬ್ಕೊಂಡು ಇಷ್ಟು ಸಣ್ಣ ಭಾಷೆಗೆ ಯಾವ ಕಂಪನಿ ಚಾನೆಲ್ ನಡೆಸ್ತದೆ ಹೇಳಿ. 2022ರಿಂದ ಅದಕ್ಕೆ ಸಾರ್ವಜನಿಕ ಹಣ ಅಂತ ಬರೋದೆಲ್ಲ ಲೈಸೆನ್ಸ್ ಫೀಯಿಂದಲೇ.

ಇದು ಸುಮ್ಮನೆ ಸಿಕ್ಕಿದ್ದಲ್ಲ. 1979ರ ಚುನಾವಣೆಯಲ್ಲಿ ಗೆದ್ದ ಥ್ಯಾಚರ್ ಸರ್ಕಾರ ವೆಲ್ಷ್ ಚಾನೆಲ್ ಕೊಡ್ತೀವಿ ಅಂದಿದ್ದ ಮಾತಿಗೆ ತಪ್ಪಿತು. ಆಗ ವೇಲ್ಸ್‌ನ ಪ್ರಾದೇಶಿಕ ಪಕ್ಷ ಪ್ಲೈಡ್ ಕಮ್ರಿಯ ಸುಮಾರು ಎರಡು ಸಾವಿರ ಜನ ಜೈಲಿಗೆ ಹೋದ್ರೂ ಸರಿ, ಟಿವಿ ಲೈಸೆನ್ಸ್ ಕಟ್ಟಲ್ಲ ಅಂತ ಪ್ರತಿಜ್ಞೆ ಮಾಡಿದ್ರು. ಆ ಪಕ್ಷದ ನಾಯಕ ಗ್ವಿನ್‌ಫೋರ್ ಇವಾನ್ಸ್ 1980ರಲ್ಲಿ, ಚಾನೆಲ್ ಕೊಡದಿದ್ರೆ ಅಕ್ಟೋಬರ್‌ನಿಂದ ಆಮರಣ ಉಪವಾಸ ಅಂದ್ರು. ಸೆಪ್ಟೆಂಬರ್‌ನಲ್ಲೇ ಸರ್ಕಾರ ಮಣೀತು. ಚಾನೆಲ್ ಶುರುವಾದದ್ದು 1982ರಲ್ಲಿ, ಅದೂ ನವೆಂಬರ್ 1ಕ್ಕೆ! ನಮ್ಮಲ್ಲಿ ಗೋಕಾಕ್ ಚಳವಳಿ ಬೀದಿಗಿಳಿದಿದ್ದೂ ಅದೇ ವರ್ಷ.

ಲೈಸೆನ್ಸ್ ಕಟ್ಟಲ್ಲ ಅಂತ ಹೋರಾಡಿ ಚಾನೆಲ್ ಪಡೆದವರು ಈಗ ಆ ಲೈಸೆನ್ಸ್ ಹೋದ್ರೆ ಚಾನೆಲ್ ಏನಾಗತ್ತೋ ಅಂತ ಯೋಚನೆ ಮಾಡ್ತಿದ್ದಾರೆ. ನನ್ನ ಮಗ ಸ್ಕೂಲಲ್ಲಿ ವೆಲ್ಷ್ ಕಲೀತಾನೆ, ಮನೇಲಿ ಆ ಚಾನೆಲ್ ನೋಡ್ತಾನೆ, ನನ್ನ ಜೊತೆ ಕನ್ನಡ ಮಾತಾಡ್ತಾನೆ. ತಿಂಗಳಿಗೆ 14.54 ಪೌಂಡ್ ನನಗೇನೂ ದಂಡ ಅನ್ನಿಸಿಲ್ಲ.

ಮ್ಯೂನಿಕ್ ಮಂಜ

ಬ್ರಿಟನ್ನಿನವರೇ, ನೀವು ಪುಣ್ಯವಂತರು ಕಣ್ರೀ. ಲೈವ್ ನೋಡಲ್ಲ ಅಂದ್ರೆ ನಿಮ್ಮನ್ನ ಬಿಟ್ಬಿಡ್ತಾರೆ. ಜರ್ಮನಿಯಲ್ಲಿ ಆ ಆಟ ನಡಿಯಲ್ಲ. 2013ರಿಂದ ಮನೆಗೆ ಇಷ್ಟು ಅಂತ ಫಿಕ್ಸು. ಟಿವಿ ಇರಲಿ ಬಿಡಲಿ, ತಿಂಗಳಿಗೆ 18.36 ಯೂರೊ, ವರ್ಷಕ್ಕೆ 220 ದಾಟತ್ತೆ. ಹೊಸ ಮನೆಗೆ ಬಂದು ವಿಳಾಸ ನೋಂದಾಯಿಸಿದ್ರೆ ಸಾಕು, ಹಿಂದೆನೇ ಪತ್ರ. ಇದು ಸರಿಯಿಲ್ಲ ಅಂತ ಸಂವಿಧಾನ ನ್ಯಾಯಾಲಯದವರೆಗೂ ಹೋದ್ರು. 2018ರಲ್ಲಿ ಕೋರ್ಟು ಸರಿ ಇದೆ ಅಂತು, ಎರಡನೇ ಮನೆಗೆ ಮಾತ್ರ ಮತ್ತೆ ತಗೋಬೇಡಿ ಅಂತು.

ವಿದ್ಯಾರ್ಥಿಗಳ ಪಾಡು ಕೇಳಿ. ಸರ್ಕಾರಿ ವಿದ್ಯಾರ್ಥಿ ನೆರವು ಪಡೆಯೋರಿಗೆ ಮಾಫಿ ಇದೆ, ಆದ್ರೆ ಊರಿಂದ ಸಾಲ ಮಾಡ್ಕೊಂಡು ಬಂದ ನಮ್ಮ ಹುಡುಗರಿಗೆ ಆ ನೆರವು ಎಲ್ಲಿ ಸಿಗ್ಬೇಕು? ಅವರು ಕಟ್ಟಲೇಬೇಕು. ಉಳಿಯೋದು ಒಂದೇ: ನಾಲ್ಕು ಜನ ಒಂದೇ ಫ್ಲ್ಯಾಟ್‌ನಲ್ಲಿದ್ರೆ ಒಬ್ಬರು ಕಟ್ಟಿ ಹಂಚ್ಕೋಬಹುದು.

ಒಂದು ಸಮಾಧಾನ ಇದೆ. ಮನೆಗೆ ಬಂದು "ಟಿವಿ ಇದೆಯಾ, ಯಾವಾಗ ನೋಡಿದ್ರಿ" ಅಂತ ಯಾರೂ ಕೇಳಲ್ಲ. ಫ್ರಾನ್ಸಿನವರು 2022ರಲ್ಲಿ 138 ಯೂರೊ ಫೀಯನ್ನೇ ತೆಗೆದ್ರು, ಈಗ ಅಲ್ಲಿ ದುಡ್ಡು ವ್ಯಾಟ್‌ನಿಂದ ಹೋಗತ್ತೆ. ಅಲ್ಲಿಗೆ ಬ್ರೆಡ್ ತಗೊಳ್ಳೋ ಬಡವನೂ ಕೊಟ್ಟ ಹಾಗೇ ಆಯ್ತು, ರಸೀದಿ ಸಿಗಲ್ಲ ಅಷ್ಟೇ.

ತುಮಕೂರು ತೆಂಗು

ಊರಿನಿಂದ ಒಂದು ಮಾತು. ಲೈಸೆನ್ಸ್ ಅನ್ನೋದು ನಮಗೆ ಹೊಸದೇನಲ್ಲ. ನಮ್ಮ ತಂದೆ ಅಂಚೆ ಇಲಾಖೆಯಲ್ಲಿದ್ದರು. ಆಗ ರೇಡಿಯೊಗೂ ಟಿವಿಗೂ ಲೈಸೆನ್ಸ್ ಪುಸ್ತಕ, ವರ್ಷಾ ವರ್ಷಾ ಪೋಸ್ಟಾಫೀಸಿನಲ್ಲಿ ದುಡ್ಡು ಕಟ್ಟಿ ನವೀಕರಿಸಬೇಕು. ರೇಡಿಯೊಗೆ 15 ರೂಪಾಯಿ, ಟಿವಿಗೆ 50. ಇನ್‌ಸ್ಪೆಕ್ಟರ್ ಬರ್ತಾನಂತೆ ಅಂತ ಸುದ್ದಿಯಾದರೆ ಟ್ರಾನ್ಸಿಸ್ಟರ್ ಅಕ್ಕಿ ಡಬ್ಬ ಸೇರುತ್ತಿತ್ತು ಅಂತ ತಂದೆ ನಗುತ್ತಿದ್ದರು. 80ರ ದಶಕದ ನಡುವಿನಲ್ಲಿ ಅದನ್ನು ತೆಗೆದರು, ಜನ ಸಂತೋಷಪಟ್ಟರು.

ಆದರೆ ಈಗ ನಮಗೆ ಟಿವಿ ಪುಕ್ಕಟೆಯೇ? ದೂರಸಂಪರ್ಕ ನಿಯಂತ್ರಣ ಸಂಸ್ಥೆ ಟ್ರಾಯ್ 2019ರಲ್ಲಿ ತಂದ ನಿಯಮದಲ್ಲಿ ಕೇಬಲ್‌ನವನಿಗೆ ತಿಂಗಳಿಗೆ ಹೆಚ್ಚೆಂದರೆ 130 ರೂಪಾಯಿ ಬರೀ ಸಂಪರ್ಕದ ಶುಲ್ಕ, 18 ಪರ್ಸೆಂಟ್ ಜಿಎಸ್‌ಟಿ ಸೇರಿ 153.40. ವರ್ಷಕ್ಕೆ 1,840 ರೂಪಾಯಿ. ಇದರಲ್ಲಿ ಒಂದು ಪೈಸೆಯೂ ಕಾರ್ಯಕ್ರಮ ಮಾಡುವವರಿಗೆ ಹೋಗುವುದಿಲ್ಲ. ಸೀರಿಯಲ್ ಚಾನೆಲ್‌ಗೆ, ಕ್ರಿಕೆಟ್‌ಗೆ ಬೇರೆ ದುಡ್ಡು. 2024ರಲ್ಲಿ ಆ ಮಿತಿಯನ್ನೂ ತೆಗೆದಿದ್ದಾರೆ. ಕೊಟ್ಟ ಮೇಲೂ ಅರ್ಧ ಗಂಟೆಯ ಸೀರಿಯಲ್‌ನಲ್ಲಿ ಸೋಪು, ಮಸಾಲೆ ಪುಡಿ ಜಾಹೀರಾತು ತಪ್ಪಿದ್ದಲ್ಲ.

ದೂರದರ್ಶನದ ಫ್ರೀ ಡಿಶ್‌ಗೆ ತಿಂಗಳ ಬಾಡಿಗೆ ಇಲ್ಲ, ಡಿಶ್ಶು ಬಾಕ್ಸು ಒಂದು ಸಲ ತಂದರೆ ಆಯಿತು. ಚಂದನದಲ್ಲಿ ಈಗಲೂ ಕೃಷಿ, ಸಂಗೀತ, ಪುಸ್ತಕ ಬಹುಮಾನ ಕೊಡುವ ಕ್ವಿಜ್ ಬರುತ್ತದೆ. ನಮ್ಮ ಮನೆಯಲ್ಲಿ ಅದನ್ನೇ ಹಾಕುವುದು. ಆದರೆ ಸುದ್ದಿ ವಿಷಯಕ್ಕೆ ಬಂದರೆ ಕತೆ ಬೇರೆ. ಪ್ರಸಾರ ಭಾರತಿ ಕಾಯ್ದೆ 1990ರಲ್ಲೇ ಆದರೂ ಜಾರಿಗೆ ಬಂದದ್ದು 1997ರಲ್ಲಿ, ಸಂಬಳ ಇವತ್ತಿಗೂ ಕೇಂದ್ರ ಸರ್ಕಾರದ ಅನುದಾನದಿಂದ. ದುಡ್ಡು ಮಂತ್ರಾಲಯದಿಂದ ಬಂದರೆ ಮಂತ್ರಿಯನ್ನು ಪ್ರಶ್ನೆ ಕೇಳುವ ಧೈರ್ಯ ಎಷ್ಟಿರುತ್ತದೆ ಅಂತ ಸಂಜೆ ಸುದ್ದಿ ನೋಡಿದರೆ ತಿಳಿಯುತ್ತದೆ. ನೇರ ಜನರಿಂದ ಫೀ ವಸೂಲಿ ಮಾಡುವುದರ ಲಾಭ ಇಲ್ಲೇ ಇರುವುದು.

ಸ್ಲೌ ಗುರು

ಸರ್, ಇಲ್ಲೂ ಫೀ ಎಷ್ಟು ಅಂತ ಹೇಳೋದು ಮಂತ್ರಿನೇ. 2010ರಲ್ಲಿ, 2015ರಲ್ಲಿ ಎರಡು ಸಲವೂ ಬಾಗಿಲು ಹಾಕ್ಕೊಂಡು ಒಪ್ಪಂದ ಮಾಡ್ಕೊಂಡ್ರು. 2022ರಿಂದ ಎರಡು ವರ್ಷ ಫೀ ಏರಿಸದ ಹಾಗೆ ಕಟ್ಟಿಹಾಕಿದ್ದೂ ಮಂತ್ರಿನೇ. ಜನ ನೇರ ಕೊಡೋದು ಹೌದು, ಕೀಲಿಕೈ ಮಾತ್ರ ಸರ್ಕಾರದ ಹತ್ರ.

ಜವಾರಿ ಮಂದಿ, ಮ್ಯಾಂಚೆಸ್ಟರ್

ಇದೊಂದು ಮಾತು ಖರೇ ಹೇಳಿದ್ರಿ ಗುರು. ಕಾರ್ಡಿಫ್ ಅಕ್ಕಾರ ಮಾತೂ ಮನಸಿಗೆ ಹತ್ತಿತು. ಅಷ್ಟು ಸಣ್ಣ ಭಾಷಾದ ಎರಡು ಸಾವಿರ ಮಂದಿ ಜೈಲಿಗೆ ಹೋಗ್ತೀವಿ ಅಂದು ಚಾನೆಲ್ ತಗೊಂಡ್ರು. ನಾವು ಆರು ಕೋಟಿ ಅಂತ ಎದಿ ತಟ್ಕೊತೀವಿ, ನಮಗೊಂದು ಕನ್ನಡ ಸರ್ವಿಸ್ ಕೊಡ್ರಿ ಅಂತ ಬಿಬಿಸಿಗೆ ಒಂದು ಪತ್ರ ಬರದೀವೇನು? ಲೈಸೆನ್ಸ್ ನಂಬರ್ ಹಾಕಿ ಬರದ್ರ ಆತು.

ಕುಡ್ಲ ಲಾಯರ್, ಕ್ರಾಯ್ಡನ್

ಭಾಷೆ, ಸ್ವಾತಂತ್ರ್ಯ ಎಲ್ಲ ಸರಿ. ಆದರೆ ಈ ಫೀಯ ನಿಜವಾದ ಅನ್ಯಾಯ ಬೇರೆ ಕಡೆ ಉಂಟು ಅಂತ ನನಗೆ ಕಾಣುತ್ತದೆ. 2003ರ ಕಮ್ಯುನಿಕೇಷನ್ಸ್ ಕಾಯ್ದೆಯ 363ನೇ ಸೆಕ್ಷನ್ ಪ್ರಕಾರ ಲೈಸೆನ್ಸ್ ಇಲ್ಲದೆ ನೋಡುವುದು ಅಪರಾಧ, ದಂಡ 1,000 ಪೌಂಡಿನವರೆಗೆ. ಕರೆಂಟ್ ಬಿಲ್ ಕಟ್ಟದಿದ್ದರೆ ಸಿವಿಲ್ ಸಾಲ. ಇದು ಮಾತ್ರ ಕ್ರಿಮಿನಲ್. ಲೈಸೆನ್ಸ್ ಇಲ್ಲ ಅಂತ ನೇರ ಜೈಲಿಲ್ಲ, ಆದರೆ ಬೇಕೆಂದೇ ದಂಡ ಕಟ್ಟದೆ ಉಳಿದರೆ ಅಲ್ಲಿಯವರೆಗೂ ಹೋಗಬಹುದು.

ಶಿಕ್ಷೆ ಆಗುವುದು ಯಾರಿಗೆ ಗೊತ್ತಾ? ನಾಲ್ಕರಲ್ಲಿ ಸುಮಾರು ಮೂವರು ಹೆಂಗಸರು. ಹೆಂಗಸರು ಹೆಚ್ಚು ಟಿವಿ ನೋಡುತ್ತಾರೆ ಅಂತಲ್ಲ. ಹಗಲು ಹೊತ್ತು ಅಧಿಕಾರಿ ಬಂದಾಗ ಮನೆಯಲ್ಲಿ ಇರುವವರು, ಬಾಗಿಲು ತೆಗೆಯುವವರು ಅವರು. ಕೇಸು ಬೀಳುವುದು ಉತ್ತರ ಕೊಟ್ಟವರ ಹೆಸರಿನ ಮೇಲೆ. ಗಂಡ ಕೆಲಸದಲ್ಲಿ, ಚಾನೆಲ್ ಹಾಕಿದ್ದು ಅವನು, "ಹೌದು, ನೋಡುತ್ತೇವೆ" ಅಂತ ಸಹಿ ಹಾಕಿದ್ದು ಹೆಂಡತಿ. ಆಮೇಲೆ ಸಿಂಗಲ್ ಜಸ್ಟಿಸ್ ಪ್ರೊಸೀಜರ್ ಅಂತ ಒಂದು ಉಂಟು, ಒಬ್ಬ ಮ್ಯಾಜಿಸ್ಟ್ರೇಟ್ ಕಾಗದ ನೋಡಿಯೇ ತೀರ್ಮಾನ ಮಾಡುತ್ತಾರೆ. ಪತ್ರಕ್ಕೆ 21 ದಿನದೊಳಗೆ ಉತ್ತರ ಕೊಡಬೇಕು. ಬಾಣಂತಿಯೋ, ಖಿನ್ನತೆಯಲ್ಲಿ ಇರುವವಳೋ ಆ ಲಕೋಟೆಯನ್ನೇ ಒಡೆಯದಿದ್ದರೆ ಅವಳ ಮಾತು ಕೇಳದೆಯೇ ದಂಡ.

ನಮ್ಮವರಿಗೆ ಇನ್ನೊಂದು ಭಯ. ಐಎಲ್‌ಆರ್ (ಇಲ್ಲೇ ಕಾಯಂ ಆಗಿ ಇರುವ ಅನುಮತಿ), ಪೌರತ್ವದ ಅರ್ಜಿಯಲ್ಲಿ ಕೋರ್ಟ್ ದಂಡದ ಬಗ್ಗೆ ಕೇಳುತ್ತಾರೆ, ಮುಚ್ಚಿಡುವ ಹಾಗಿಲ್ಲ. 174 ಪೌಂಡ್ ಉಳಿಸಲು ಹೋಗಿ ಅಷ್ಟು ದೊಡ್ಡ ತಲೆನೋವು ಯಾಕೆ? ಮಂಜ ಹೇಳಿದ ಜರ್ಮನಿಯ ಫೀ ಜಾಸ್ತಿ ಇರಬಹುದು, ಆದರೆ ಅಲ್ಲಿ ಬಾಗಿಲು ತೆಗೆದ ತಪ್ಪಿಗೆ ಯಾರ ಮೇಲೂ ಕೇಸಿಲ್ಲ. ಬಿಬಿಸಿ ಹೇಗೆ ನಡೆಯಬೇಕೆಂದು ಹೇಳುವ ರಾಯಲ್ ಚಾರ್ಟರ್ (ರಾಜ ಸನದು) 2027ರ ಡಿಸೆಂಬರ್ 31ಕ್ಕೆ ಮುಗಿಯುತ್ತದೆ. ಸಾರ್ವಜನಿಕರ ಅಭಿಪ್ರಾಯ ಕೇಳಿದಾಗಲೆಲ್ಲ ನಾನು ಬರೆಯುವುದು ಇದನ್ನೇ: ಫೀ ಬೇಕಾದರೆ ಇರಲಿ, ಕ್ರಿಮಿನಲ್ ಬೇಡ.

ಹಳೇ ಡಾಕ್ಟ್ರಮ್ಮ, ವಾಲ್ಸಾಲ್

ಇದು ನೂರಕ್ಕೆ ನೂರು ನಿಜ. ಮ್ಯಾಜಿಸ್ಟ್ರೇಟ್ ಆಗಿದ್ದ ನನ್ನ ಸ್ನೇಹಿತೆ ಇದೇ ಮಾತು ಹೇಳಿ ಬೇಜಾರು ಮಾಡಿಕೊಳ್ಳುತ್ತಿದ್ದಳು.

ಹಾಸನದ ಹುಡುಗಿ, ಲೆಸ್ಟರ್

ಎಲ್ಲರ ಮಾತೂ ಓದಿದೆ. ನಮ್ಮನೆಯವರನ್ನ ಕೂರಿಸಿಕೊಂಡು ಕೇಳಿದೆ. ನ್ಯೂಸ್ ಲೈವ್ ಬಿಡ್ತೀನಿ, ಕ್ರಿಕೆಟ್ ಬಿಡಲ್ಲ ಅಂತಾರೆ. ಹಗಲು ಮಲಗಿರೋದು ಅವರು, ಬಾಗಿಲು ತೆಗೆಯೋದು ನಾನು! ಲಾಯರ್ ಸರ್ ಬರೆದಿದ್ದು ಓದಿದ ಮೇಲೆ ನಾನಂತೂ ಆ ರಿಸ್ಕ್ ತಗೊಳ್ಳಲ್ಲ. ಕಟ್ತೀವಿ. ನ್ಯಾಯ ಅಂತ ಇನ್ನೂ ಅನ್ನಿಸಿಲ್ಲ, ಮ್ಯಾಂಚೆಸ್ಟರ್ ಅಣ್ಣ ಹೇಳಿದ ಕಾಗದಕ್ಕೆ ಮಾತ್ರ ನನ್ನ ಸಹಿಯೂ ಇರಲಿ.

ಒಂದೇ ಸಲ ಅಷ್ಟು ಕಟ್ಟೋಕೆ ಆಗಲ್ಲ. ತಿಂಗಳಿಗೆ 14.54 ಅಂತ ಕಾರ್ಡಿಫ್ ಅಕ್ಕ ಬರೆದಿದ್ರಲ್ಲ, ಅದು ನಮಗೂ ಸಿಗತ್ತಾ?

ಕುಡ್ಲ ಲಾಯರ್, ಕ್ರಾಯ್ಡನ್

ಮೊದಲ ವರ್ಷ ಸಿಗುವುದಿಲ್ಲ ಅಕ್ಕಾ, ಅದೇ ಇದರ ಕುತ್ತು. ಹೊಸಬರು ಡೈರೆಕ್ಟ್ ಡೆಬಿಟ್ (ಬ್ಯಾಂಕಿನಿಂದ ತಾನಾಗಿ ಕಡಿತ) ಮಾಡಿದರೆ ಮೊದಲ ಲೈಸೆನ್ಸಿನ ದುಡ್ಡನ್ನು ಆರೇ ತಿಂಗಳಲ್ಲಿ ಹಿಡಿಯುತ್ತಾರೆ, ತಿಂಗಳಿಗೆ 29 ಪೌಂಡ್ ಚಿಲ್ಲರೆ. ಆಮೇಲೆ 14.54ಕ್ಕೆ ಇಳಿಯುತ್ತದೆ. ಮೂರು ತಿಂಗಳಿಗೊಮ್ಮೆ ಕಟ್ಟುವುದಾದರೆ ಪ್ರತಿ ಕಂತಿಗೆ 1.25 ಪೌಂಡ್ ಹೆಚ್ಚುವರಿ. ಕೈಯಲ್ಲಿ ಹಣ ಓಡಾಡದಿದ್ದರೆ ಪೇಮೆಂಟ್ ಕಾರ್ಡ್ ತೆಗೆದುಕೊಂಡು ವಾರ ವಾರ ಅಂಗಡಿಯಲ್ಲಿ ಸ್ವಲ್ಪ ಸ್ವಲ್ಪ ಕಟ್ಟಬಹುದು. ನಿಜಕ್ಕೂ ಕಷ್ಟದಲ್ಲಿದ್ದರೆ ಸಾಲ ಸಲಹಾ ಸಂಸ್ಥೆಗಳ ಮೂಲಕ ಹನ್ನೆರಡು ತಿಂಗಳಿಗೆ ಹರಡಿ ಕಟ್ಟುವ ಸರಳ ಯೋಜನೆ ಉಂಟು, ಕೇಳಿ ನೋಡಿ.

ಬಾಡಿಗೆಯವರನ್ನು ಇಟ್ಟುಕೊಂಡರೆ ಕರಾರು ನೋಡಿಕೊಳ್ಳಿ. ಎಲ್ಲರದ್ದೂ ಒಂದೇ ಜಂಟಿ ಕರಾರಾದರೆ ಒಂದೇ ಲೈಸೆನ್ಸ್ ಸಾಕು, ಕೋಣೆಗೊಂದು ಕರಾರಾದರೆ ಆ ಕೋಣೆಯಲ್ಲಿ ಲೈವ್ ನೋಡುವವರು ಬೇರೆ ತೆಗೆದುಕೊಳ್ಳಬೇಕು. ಊರಿಗೆ ಪೂರ್ತಿ ವಾಪಸ್ ಹೋಗುವಾಗ ಉಳಿದ ತಿಂಗಳ ದುಡ್ಡು ವಾಪಸ್ ಕೇಳಬಹುದು, ಹೆಚ್ಚಿನವರು ಕೇಳುವುದೇ ಇಲ್ಲ.

ಸ್ಲೌ ಗುರು

ಸರಿ ಮೇಡಂ, ನಿಮ್ಮಿಷ್ಟ. ನಾನಂತೂ ಸ್ಕೋರ್ ಮಾತ್ರ ನೋಡ್ತೀನಿ, ಹೈಲೈಟ್ಸ್ ಬೆಳಗ್ಗೆ.

ಜವಾರಿ ಮಂದಿ, ಮ್ಯಾಂಚೆಸ್ಟರ್

ಪತ್ರದ ಕರಡು ಐತವಾರ ಇಲ್ಲೇ ಹಾಕ್ತೀನ್ರಿ. ಡಾಕ್ಟ್ರಮ್ಮಾರು ಇಂಗ್ಲಿಷ್ ತಿದ್ದಿ ಕೊಡಬೇಕು.